320 ವ್ಯಾಟಿನ ಕಾರ್ಡ್, 200 ವ್ಯಾಟಿನ ಆಟ: ಒಂದು ಪ್ರಕರಣ ಅಧ್ಯಯನ

ಗೆಳೆಯನೊಬ್ಬನ ಗೇಮಿಂಗ್ ಕಂಪ್ಯೂಟರ್ ಬಗ್ಗೆ ಮೂರು ದೂರುಗಳಿದ್ದವು. ಆಟ ಶುರು ಮಾಡಿ ಅರ್ಧ ಗಂಟೆಯಾದರೆ ಸಾಕು, ರೂಮಿನಲ್ಲಿ ಕೂರಲು ಆಗದಷ್ಟು ಸೆಕೆ. ಫ್ಯಾನಿನ ಸದ್ದು ಹೆಡ್‌ಫೋನ್ ಹಾಕಿದರೂ ಕೇಳಿಸುತ್ತಿತ್ತು. ಮೂರನೆಯದು ಸ್ವಲ್ಪ ಗಾಬರಿಯ ವಿಷಯ: ಆಗೊಮ್ಮೆ ಈಗೊಮ್ಮೆ ಇಡೀ ಸಿಸ್ಟಮ್ ಟಪ್ ಅಂತ ಆಫ್ ಆಗಿ, ತಾನೇ ಮತ್ತೆ ಆನ್ ಆಗುತ್ತಿತ್ತು. ನೀಲಿ ಸ್ಕ್ರೀನ್ ಇಲ್ಲ, ಎರರ್ ಇಲ್ಲ, ಏನೂ ಇಲ್ಲ.

ಒಳಗಿದ್ದ ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರಗಳನ್ನು ಬರೆಯುವ ಭಾಗ) ಎನ್‌ವಿಡಿಯಾದ ಆರ್‌ಟಿಎಕ್ಸ್ 3080, 10 ಜಿಬಿ ಮೆಮೊರಿಯದ್ದು. 2020ರ ಸೆಪ್ಟೆಂಬರ್‌ನಲ್ಲಿ ಬಂದ ಕಾರ್ಡ್. ಕಂಪನಿಯ ಲೆಕ್ಕದಲ್ಲೇ ಇದು 320 ವ್ಯಾಟ್ ಎಳೆಯುತ್ತದೆ, ಇದಕ್ಕೆ 750 ವ್ಯಾಟಿನ ಪವರ್ ಸಪ್ಲೈ ಬೇಕು. ಇವನ ಹತ್ತಿರ ಇದ್ದದ್ದು 650 ವ್ಯಾಟಿನದು, ಹಳೆಯ ಕಂಪ್ಯೂಟರಿನಿಂದ ಬಿಚ್ಚಿ ಹಾಕಿದ್ದು. ಮಾನಿಟರ್ 1440ಪಿ (ಪರದೆಯ ಎತ್ತರಕ್ಕೆ 1440 ಚುಕ್ಕಿ), 144 ಹರ್ಟ್ಜ್ (ಸೆಕೆಂಡಿಗೆ 144 ಚಿತ್ರ ತೋರಿಸಬಲ್ಲದು), ಜಿ-ಸಿಂಕ್ (ಕಾರ್ಡ್ ಚಿತ್ರ ಕಳಿಸುವ ವೇಗಕ್ಕೆ ಪರದೆಯೇ ಹೊಂದಿಕೊಳ್ಳುವ ವ್ಯವಸ್ಥೆ) ಇರುವಂಥದ್ದು. ಅವನು ಹೆಚ್ಚಾಗಿ ಆಡುತ್ತಿದ್ದದ್ದು ಎರಡು ಆಟ. ಒಂದು ಹಳೆಯ ಕಾರ್ ರೇಸಿಂಗ್ ಆಟ. ಇನ್ನೊಂದು ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ಚಿತ್ರ ಬರೆಯುವುದು) ಇರುವ, ಕಾರ್ಡಿನ ಬೆವರಿಳಿಸುವ ಓಪನ್ ವರ್ಲ್ಡ್ ಆಟ. ಒಂದಕ್ಕೆ ಕೆಲಸ ಮಾಡಿದ ಮದ್ದು ಇನ್ನೊಂದಕ್ಕೆ ಕೆಲಸ ಮಾಡಲಿಲ್ಲ. ಬರೆಯಬೇಕು ಅನ್ನಿಸಿದ್ದು ಅದಕ್ಕೇ.

ಮೊದಲು ಮಾಡಿದ್ದ ಪ್ರಯತ್ನಗಳು

ನಾನು ನೋಡುವ ಹೊತ್ತಿಗೆ ಅವನು ಸುಮ್ನೆ ಕೂತಿರಲಿಲ್ಲ. ಫ್ಯಾನ್‌ಗಳನ್ನು ಶೇ. 90ಕ್ಕೆ ಏರಿಸಿದ್ದ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಟ್ಟಿದ್ದ. ಕಾರ್ಡ್ ಬಿಚ್ಚಿ ಥರ್ಮಲ್ ಪೇಸ್ಟನ್ನೂ ಬದಲಿಸಿದ್ದ. ಕಾರ್ಡಿನ ಉಷ್ಣತೆ 78 ಡಿಗ್ರಿಯಿಂದ 68ಕ್ಕೆ ಇಳಿದಿತ್ತು. ಆದರೆ ರೂಮಿನ ಸೆಕೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. "ಹತ್ತು ಡಿಗ್ರಿ ಇಳಿದಿದೆ ಮಾರಾಯ, ಆದರೂ ರೂಮು ಯಾಕೆ ಹಿಂಗೆ ಕಾಯ್ತಿದೆ?" ಅನ್ನುವುದೇ ಅವನ ಪ್ರಶ್ನೆ.

ಬಹಳ ಜನ ಎಡವುವುದು ಇಲ್ಲೇ. ಉಷ್ಣತೆ ಬೇರೆ, ಶಾಖ ಬೇರೆ. ಕಾರ್ಡ್ ಎಳೆದುಕೊಂಡ ಕರೆಂಟು ಹೆಚ್ಚುಕಡಿಮೆ ಪೂರ್ತಿ ಶಾಖವಾಗಿಯೇ ಹೊರಗೆ ಬರುತ್ತದೆ. 320 ವ್ಯಾಟ್ ಒಳಗೆ ಹೋದರೆ 320 ವ್ಯಾಟ್ ರೂಮಿಗೆ ಬರುತ್ತದೆ. ಫ್ಯಾನ್ ಜೋರು ಮಾಡಿದರೆ ಆ ಶಾಖ ಚಿಪ್‌ನಿಂದ ಗಾಳಿಗೆ ಬೇಗ ದಾಟುತ್ತದೆ, ಅಷ್ಟೇ. ಚಿಪ್ ತಣ್ಣಗಾಗುತ್ತದೆ, ರೂಮು ಆಗುವುದಿಲ್ಲ. ಬಾಗಿಲು ಮುಚ್ಚಿದ ಸಣ್ಣ ರೂಮಿನಲ್ಲಿ ಈ ಕಾರ್ಡಿನ ಜೊತೆ ಪ್ರೊಸೆಸರ್, ಮಾನಿಟರ್ ಎಲ್ಲ ಸೇರಿದರೆ, ಒಂದು ಕಿಲೋವ್ಯಾಟಿನ ರೂಮ್ ಹೀಟರನ್ನು ಅರ್ಧಕ್ಕೆ ಇಟ್ಟು ಪಕ್ಕದಲ್ಲಿ ಕೂತ ಹಾಗೆ.

ಇನ್ನೂ ಒಂದು ವಿಷಯವಿದೆ. ಎನ್‌ವಿಡಿಯಾದ ಕಾರ್ಡ್‌ಗಳು ತಣ್ಣಗಿದ್ದಷ್ಟೂ ಸ್ವಲ್ಪ ಜಾಸ್ತಿ ವೇಗದಲ್ಲಿ ಓಡಲು ನೋಡುತ್ತವೆ. ಉಷ್ಣತೆ ಏರಿದ ಹಾಗೆ 15 ಮೆಗಾಹರ್ಟ್ಜ್‌ನ ಮೆಟ್ಟಿಲುಗಳಲ್ಲಿ ವೇಗ ಇಳಿಸುತ್ತವೆ, ತಣ್ಣಗಾದರೆ ಮತ್ತೆ ಏರಿಸುತ್ತವೆ. ಅಂದರೆ ಚೆನ್ನಾಗಿ ತಣ್ಣಗೆ ಮಾಡಿ ಕರೆಂಟು ಉಳಿಸುತ್ತೇನೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಾಗಾಗಿ ಡಿಗ್ರಿ ನೋಡುವುದನ್ನು ಬಿಟ್ಟು ವ್ಯಾಟ್ ನೋಡೋಣ ಅಂದೆ.

ಅಳತೆ

ಎಚ್‌ಡಬ್ಲ್ಯೂಇನ್ಫೊ (ವ್ಯಾಟ್, ಉಷ್ಣತೆ ಎಲ್ಲ ತೋರಿಸುವ ಸಾಫ್ಟ್‌ವೇರ್) ಹಾಕಿ ಏನನ್ನೂ ಬದಲಿಸದೆ ಆಡಿಸಿದೆವು. ಫ್ಯಾನ್ ಮತ್ತೆ ಆಟೋಗೆ ಬಂತು, ಬಾಗಿಲು ಮತ್ತೆ ಮುಚ್ಚಿತು.

ಓಪನ್ ವರ್ಲ್ಡ್ ಆಟದಲ್ಲಿ ಕಾರ್ಡ್ 318 ವ್ಯಾಟ್ ಆಸುಪಾಸಿನಲ್ಲೇ ನಿಂತಿತ್ತು. ಕೋರ್ (ಮುಖ್ಯ ಚಿಪ್) 75 ಡಿಗ್ರಿ, ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) 88, ಮೆಮೊರಿ 98. ಕ್ಲಾಕ್, ಅಂದರೆ ಚಿಪ್ಪಿನ ವೇಗ, 1890 ಮೆಗಾಹರ್ಟ್ಜ್ ಸುತ್ತಮುತ್ತ, ಕೋರ್ ವೋಲ್ಟೇಜ್ 1.03 ವೋಲ್ಟ್. ಸರಾಸರಿ ಸೆಕೆಂಡಿಗೆ 68 ಫ್ರೇಮ್ (ಚಿತ್ರ). ಜಿಪಿಯು-ಝಡ್ ಅನ್ನುವ ಇನ್ನೊಂದು ಸಾಫ್ಟ್‌ವೇರಿನಲ್ಲಿ ವೇಗಕ್ಕೆ ತಡೆ ಏನು ಅಂತ ತೋರಿಸುವ ಒಂದು ಸಾಲಿದೆ. ಅದು ಪೂರ್ತಿ ಹಸಿರಾಗಿ ಪವರ್ ಅಂತ ತೋರಿಸುತ್ತಿತ್ತು. ಅಂದರೆ ಕಾರ್ಡನ್ನು ತಡೆಯುತ್ತಿದ್ದದ್ದು ಬಿಸಿಯಲ್ಲ, 320ರ ಮಿತಿ.

ಇಲ್ಲಿ 98 ಡಿಗ್ರಿ ಮೆಮೊರಿ ನೋಡಿ ಅವನು ಹೌಹಾರಿದ. ಈ ಕಾರ್ಡಿನಲ್ಲಿರುವ ಜಿಡಿಡಿಆರ್6ಎಕ್ಸ್ ಮೆಮೊರಿ ಸ್ವಭಾವತಃ ಬಿಸಿ. ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುವುದು 110 ಡಿಗ್ರಿಯ ಹತ್ತಿರ. 98 ಚಂದದ ಸಂಖ್ಯೆ ಅಲ್ಲ, ಆದರೆ ಅಪಾಯವೂ ಅಲ್ಲ.

ರೇಸಿಂಗ್ ಆಟದ ಕಥೆಯೇ ಬೇರೆ. ಅದು ಸೆಕೆಂಡಿಗೆ 230 ಫ್ರೇಮ್ ಓಡುತ್ತಿತ್ತು, 300 ವ್ಯಾಟ್ ತಿನ್ನುತ್ತಿತ್ತು. ಮಾನಿಟರ್ ತೋರಿಸಬಲ್ಲದ್ದು 144. ಉಳಿದ 86 ಫ್ರೇಮ್‌ಗಳು ಪರದೆಗೆ ಪೂರ್ತಿಯಾಗಿ ಬರುವುದೇ ಇಲ್ಲ. ಇನ್ನೂ ತಮಾಷೆ ಅಂದರೆ ಕಾರ್ ಆಯ್ಕೆ ಮಾಡುವ ಮೆನು. ಅಲ್ಲಿ ಒಂದು ಕಾರು ನಿಧಾನಕ್ಕೆ ತಿರುಗುತ್ತಿರುತ್ತದೆ, ಅಷ್ಟೇ. ಅದನ್ನು ಈ ಕಾರ್ಡ್ 400ಕ್ಕೂ ಹೆಚ್ಚು ಫ್ರೇಮ್‌ನಲ್ಲಿ ಚಿತ್ರಿಸುತ್ತಾ 290 ವ್ಯಾಟ್ ಸುಡುತ್ತಿತ್ತು. ಅವನು ಎದ್ದು ನೀರು ಕುಡಿದು ಬರುವಾಗಲೂ.

ಮೆನುವಿನ ಈ ಹುಚ್ಚಾಟ ಹೊಸದೇನಲ್ಲ. 2021ರ ಜುಲೈನಲ್ಲಿ ಅಮೆಜಾನ್‌ನ ನ್ಯೂ ವರ್ಲ್ಡ್ ಅನ್ನುವ ಆಟದ ಬೀಟಾ (ಪ್ರಾಯೋಗಿಕ ಆವೃತ್ತಿ) ಆಡುವಾಗ ಕೆಲವು ಆರ್‌ಟಿಎಕ್ಸ್ 3090 ಕಾರ್ಡ್‌ಗಳು ಸತ್ತವು. ತಮ್ಮ ಕೆಲವು ಕಾರ್ಡ್‌ಗಳಲ್ಲಿ ಬೆಸುಗೆ ಸರಿಯಿರಲಿಲ್ಲ ಅಂತ ಆಗ ಕಾರ್ಡ್ ತಯಾರಿಸುತ್ತಿದ್ದ ಇವಿಜಿಎ ಕಂಪನಿ ಆಮೇಲೆ ಒಪ್ಪಿಕೊಂಡಿತು. ಹಾಗಾಗಿ ಮೆನು ಕಾರ್ಡನ್ನು ಕೊಂದಿತು ಅನ್ನುವುದು ತಪ್ಪು. ಆದರೆ ಅಮೆಜಾನ್ ಮಾಡಿದ ತಕ್ಷಣದ ಕೆಲಸ ಏನು ಗೊತ್ತಾ? ಮೆನುವಿಗೆ ಫ್ರೇಮ್ ಮಿತಿ ಹಾಕಿದ್ದು.

ಮೊದಲ ಮದ್ದು: ಫ್ರೇಮ್ ಮಿತಿ

ಅಂಡರ್‌ವೋಲ್ಟ್ (ಚಿಪ್ಪಿಗೆ ಕೊಡುವ ವೋಲ್ಟೇಜ್ ಇಳಿಸುವುದು) ಅನ್ನುವ ಪದ ಕೇಳಿದ ಕೂಡಲೇ ಎಲ್ಲರಿಗೂ ಅದನ್ನೇ ಮಾಡುವ ಹುರುಪು ಬರುತ್ತದೆ. ನನ್ನ ಪ್ರಕಾರ ಅದು ಮೂರನೆಯ ಕೆಲಸ. ಮೊದಲನೆಯದು, ನಮಗೆ ಎಷ್ಟು ಫ್ರೇಮ್ ಬೇಕು ಅಂತ ತೀರ್ಮಾನ ಮಾಡುವುದು. ಇದರಲ್ಲಿ ಅಪಾಯವೇ ಇಲ್ಲ, ಏನೂ ಕ್ರ್ಯಾಶ್ ಆಗುವುದಿಲ್ಲ, ಒಂದು ನಿಮಿಷದ ಕೆಲಸ.

ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ ಅನ್ನುವ ಆಯ್ಕೆ 2020ರ ಜನವರಿಯ ಡ್ರೈವರ್‌ನಿಂದ ಇದೆ. ಅಲ್ಲಿ 141 ಹಾಕಿದೆವು. 144 ಅಲ್ಲ ಯಾಕೆ ಅಂದರೆ, ಜಿ-ಸಿಂಕ್ ಕೆಲಸ ಮಾಡುವುದು ಮಾನಿಟರಿನ ಮಿತಿಯ ಒಳಗಿದ್ದಾಗ. ಫ್ರೇಮ್‌ಗಳು ಒಂದೇ ಸಮ ಬರುವುದಿಲ್ಲ, ಒಂದೊಂದು ಸ್ವಲ್ಪ ಬೇಗ ಬಂದು ಮಿತಿ ದಾಟುತ್ತದೆ. ಮೂರು ಫ್ರೇಮ್ ಕೆಳಗಿಟ್ಟರೆ ಆ ತೊಂದರೆ ಇರುವುದಿಲ್ಲ. ಆಟದ ಒಳಗೇ ಫ್ರೇಮ್ ಮಿತಿ ಇದ್ದರೆ ಅದನ್ನು ಬಳಸುವುದು ಇನ್ನೂ ಒಳ್ಳೆಯದು, ಸಾಮಾನ್ಯವಾಗಿ ಅದರಲ್ಲಿ ಕೈಗೂ ಪರದೆಗೂ ನಡುವಿನ ತಡ ಕಡಿಮೆ. ಹಾಗೇ ಕಂಟ್ರೋಲ್ ಪ್ಯಾನೆಲ್‌ನ ಅದೇ ಪಟ್ಟಿಯಲ್ಲಿ, ಆಟವನ್ನು ಬಿಟ್ಟು ಬೇರೆ ಕಿಟಕಿಗೆ ಹೋದಾಗಿನ ಮಿತಿಯೂ ಇದೆ. ಅದಕ್ಕೆ 30 ಕೊಟ್ಟೆವು.

ರೇಸಿಂಗ್ ಆಟ 300 ವ್ಯಾಟಿನಿಂದ ಸುಮಾರು 190ಕ್ಕೆ ಇಳಿಯಿತು. ಮೆನು 100ಕ್ಕಿಂತ ಕೆಳಗೆ. ಫ್ಯಾನ್ ಸದ್ದು ಅಡಗಿತು. ಆಟದಲ್ಲಿ ಏನಾದರೂ ವ್ಯತ್ಯಾಸ ಕಾಣ್ತಿದೆಯಾ ಅಂತ ಕೇಳಿದೆ. ಮೊದಲಿಗಿಂತ ನಯವಾಗಿದೆ ಅಂದ. ಅದು ಬರೀ ಸಮಾಧಾನದ ಮಾತಲ್ಲ. 230 ಫ್ರೇಮ್‌ನಲ್ಲಿ ಜಿ-ಸಿಂಕ್ ಬಿಟ್ಟುಹೋಗಿ ಚಿತ್ರ ಅಡ್ಡಡ್ಡ ಹರಿದು ತುಂಡಾದಂತೆ ಕಾಣುತ್ತಿತ್ತು, ಈಗ ಇಲ್ಲ.

ಓಪನ್ ವರ್ಲ್ಡ್ ಆಟದಲ್ಲಿ? ಏನೂ ಆಗಲಿಲ್ಲ. 68 ಫ್ರೇಮ್ ಓಡುವ ಆಟಕ್ಕೆ 141ರ ಮಿತಿ ಹಾಕಿದರೆ ಏನು ಬಂತು? 318 ವ್ಯಾಟ್ ಹಾಗೇ ಇತ್ತು.

ಪವರ್ ಮಿತಿ

ಎಂಎಸ್‌ಐ ಆಫ್ಟರ್‌ಬರ್ನರ್ (ಕಾರ್ಡಿನ ಸೆಟ್ಟಿಂಗ್ ಬದಲಿಸುವ ಸಾಫ್ಟ್‌ವೇರ್) ತೆರೆದರೆ ಪವರ್ ಲಿಮಿಟ್ ಅನ್ನುವ ಸ್ಲೈಡರ್ ಇದೆ. 100 ಇದ್ದದ್ದನ್ನು 80 ಮಾಡಿದೆವು, ಅಂದರೆ 256 ವ್ಯಾಟ್. ಸಾಮಾನ್ಯವಾಗಿ ಯಾವ ಕಂಪನಿಯ ಕಾರ್ಡ್ ಆದರೂ ಇದು ನಡೆಯುತ್ತದೆ, ಎಷ್ಟು ಇಳಿಸಲು ಬಿಡುತ್ತದೆ ಅನ್ನುವುದು ಬೇರೆಬೇರೆ. ಸ್ಥಿರತೆಯ ಚಿಂತೆಯೂ ಇಲ್ಲ, ಯಾಕೆಂದರೆ ವೋಲ್ಟೇಜಿಗೂ ವೇಗಕ್ಕೂ ಕಾರ್ಖಾನೆಯವರು ಹಾಕಿದ ಜೋಡಿ ಹಾಗೇ ಉಳಿಯುತ್ತದೆ. ಕಾರ್ಡ್ ಆ ಸಾಲಿನಲ್ಲಿ ಒಂದಿಷ್ಟು ಮೆಟ್ಟಿಲು ಕೆಳಗೆ ಇಳಿಯುತ್ತದೆ, ಅಷ್ಟೇ.

ಫಲ: 68 ಫ್ರೇಮ್ ಇದ್ದದ್ದು 64. ಶೇ. 20ರಷ್ಟು ಕರೆಂಟು ಹೋಯಿತು, ಶೇ. 6ರಷ್ಟು ವೇಗ ಹೋಯಿತು. ಬಹಳ ಜನರಿಗೆ ಇಷ್ಟು ಸಾಕು, ಇಲ್ಲೇ ನಿಲ್ಲಿಸಬಹುದು. ಲಿನಕ್ಸ್ ಬಳಸುವವರಿಗೂ ಎನ್‌ವಿಡಿಯಾ-ಎಸ್‌ಎಂಐ ಅನ್ನುವ ಕಮಾಂಡಿನಲ್ಲಿ ಇದೇ ಮಿತಿ ಹಾಕಲು ಬರುತ್ತದೆ. ಕಂಪ್ಯೂಟರ್ ಮತ್ತೆ ಶುರು ಮಾಡಿದಾಗ ಅದು ಅಳಿಸಿಹೋಗುತ್ತದೆ ಅನ್ನುವುದು ನೆನಪಿರಲಿ.

ಆದರೆ ಒಂದು ಕಿರಿಕಿರಿ ಉಳಿಯಿತು. ಕ್ಲಾಕ್ ಒಂದು ಕಡೆ ನಿಲ್ಲುತ್ತಿರಲಿಲ್ಲ. ಹಗುರ ದೃಶ್ಯದಲ್ಲಿ 1800, ಭಾರಿ ದೃಶ್ಯದಲ್ಲಿ 1650. ಎಲ್ಲಿ ಜಾಸ್ತಿ ವೇಗ ಬೇಕೋ ಅಲ್ಲೇ ಕಡಿಮೆ ಸಿಗುತ್ತಿತ್ತು.

ಅಂಡರ್‌ವೋಲ್ಟ್

ಚಿಪ್ ತಿನ್ನುವ ಕರೆಂಟಿನ ದೊಡ್ಡ ಪಾಲು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ಅದರ ವರ್ಗದಷ್ಟು ಏರುತ್ತದೆ. ಹಾಗಾಗಿ ವೋಲ್ಟೇಜಿನಲ್ಲಿ ಸ್ವಲ್ಪ ಇಳಿಸಿದರೂ ಲಾಭ ದೊಡ್ಡದು. 1.03ರಿಂದ 0.85ಕ್ಕೆ ಇಳಿದರೆ, ವರ್ಗದ ಲೆಕ್ಕದಲ್ಲಿ ಉಳಿಯುವುದು 0.68 ಪಾಲು. ವೇಗವನ್ನೂ 1890ರಿಂದ 1800ಕ್ಕೆ ಇಳಿಸಿದರೆ ಒಟ್ಟು 0.65. ಚಿಪ್ಪಿನ ಮಟ್ಟಿಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉಳಿತಾಯ, ಕಳೆದುಕೊಂಡದ್ದು ಶೇ. 5ರಷ್ಟು ವೇಗ. ಇಡೀ ಕಾರ್ಡಿನ ಲೆಕ್ಕದಲ್ಲಿ ಇಷ್ಟು ಸಿಗುವುದಿಲ್ಲ. ಮೆಮೊರಿ, ವೋಲ್ಟೇಜ್ ಕೊಡುವ ಭಾಗಗಳು, ಫ್ಯಾನ್ ಇವೂ ಪಾಲು ಕೇಳುತ್ತವೆ, ಕೋರ್ ವೋಲ್ಟೇಜ್ ಇಳಿಸಿದರೆ ಮೆಮೊರಿಗೆ ಅದು ಗೊತ್ತೂ ಆಗುವುದಿಲ್ಲ.

ಕಂಪನಿಯವರೇ ಯಾಕೆ ಇಳಿಸಿ ಕಳಿಸುವುದಿಲ್ಲ ಅಂತ ಅವನು ಕೇಳಿದ. ಒಂದೇ ಮಾದರಿಯ ಎರಡು ಚಿಪ್ ಒಂದೇ ತರ ಇರುವುದಿಲ್ಲ. ಅತಿ ಸೋಮಾರಿ ಚಿಪ್ಪೂ ಎಲ್ಲ ಆಟದಲ್ಲೂ ನಿಲ್ಲಬೇಕು ಅಂತ ಎಲ್ಲಕ್ಕೂ ಜಾಸ್ತಿ ವೋಲ್ಟೇಜ್ ಕೊಟ್ಟು ಕಳಿಸುತ್ತಾರೆ. ಅಂಡರ್‌ವೋಲ್ಟ್ ಅಂದರೆ ನಮ್ಮ ಚಿಪ್ಪಿಗೆ ಬೇಡವಾದ ಆ ಹೆಚ್ಚುವರಿಯನ್ನು ತೆಗೆಯುವುದು. ಇದರಿಂದಲೇ, ಇನ್ನೊಬ್ಬರ ಸಂಖ್ಯೆಯನ್ನು ನೋಡಿ ಹಾಕಿದರೆ ಕೆಲಸ ಮಾಡುತ್ತದೆ ಅನ್ನುವ ಖಾತ್ರಿ ಇಲ್ಲ. ಇಲ್ಲಿ ನಾನು ಕೊಟ್ಟಿರುವುದಕ್ಕೂ ಅದೇ ಮಾತು.

ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಒಂದು ಗ್ರಾಫ್ ತೆರೆಯುತ್ತದೆ. ಅಡ್ಡಕ್ಕೆ ವೋಲ್ಟೇಜ್, ಉದ್ದಕ್ಕೆ ವೇಗ, ನಡುವೆ ಚುಕ್ಕಿಗಳ ಸಾಲು. ಇಲ್ಲಿ ಎರಡು ದಾರಿಗಳಿವೆ. 850 ಮಿಲಿವೋಲ್ಟಿನ ಚುಕ್ಕಿಯೊಂದನ್ನೇ ಹಿಡಿದು ಮೇಲಕ್ಕೆ ಎಳೆಯುವುದು ಸುಲಭದ ದಾರಿ. ಆದರೆ ಹಾಗೆ ಮಾಡಿದಾಗ ಕಾರ್ಡ್ 1800 ಅಂತ ಹೇಳಿಕೊಂಡು ಒಳಗೆ ಅದಕ್ಕಿಂತ ಕಡಿಮೆ ಓಡುವುದುಂಟು. ಎಚ್‌ಡಬ್ಲ್ಯೂಇನ್ಫೊದಲ್ಲಿ ಎಫೆಕ್ಟಿವ್ ಕ್ಲಾಕ್ ಅನ್ನುವ ಸಾಲು ನೋಡಿದರೆ ಬಂಡವಾಳ ಬಯಲಾಗುತ್ತದೆ. ಅದಕ್ಕೇ ನಾವು ಇನ್ನೊಂದು ದಾರಿ ಹಿಡಿದೆವು. ಮೊದಲು ಕೋರ್ ಕ್ಲಾಕ್ ಸ್ಲೈಡರಿನಿಂದ ಇಡೀ ಸಾಲನ್ನು ಮೇಲಕ್ಕೆತ್ತಿ 850ರ ಚುಕ್ಕಿ 1800ಕ್ಕೆ ಬರುವಂತೆ ಮಾಡಿದೆವು. ಆಮೇಲೆ ಶಿಫ್ಟ್ ಒತ್ತಿಕೊಂಡು ಅದರ ಬಲಗಡೆಯ ಚುಕ್ಕಿಗಳನ್ನೆಲ್ಲ ಆರಿಸಿ, ಕೆಳಕ್ಕೆ ಎಳೆದು, ಅಪ್ಲೈ ಒತ್ತಿದೆವು. ಬಲಗಡೆ ಸಾಲು ಸಪಾಟಾಯಿತು. ಇನ್ನು ಕಾರ್ಡ್ 850 ಮಿಲಿವೋಲ್ಟ್ ದಾಟಿ ಹೋಗಲು ಕಾರಣವೇ ಇಲ್ಲ, ಹೋದರೂ ವೇಗ ಸಿಗುವುದಿಲ್ಲ.

ಇದನ್ನು ಕಾರ್ಡ್ ಬಿಸಿಯಾಗಿರುವಾಗಲೇ ಮಾಡಬೇಕು. ಉಷ್ಣತೆಯ ಜೊತೆ ಇಡೀ ಸಾಲು ಮೇಲೆ ಕೆಳಗೆ ಸರಿಯುತ್ತದೆ. ತಣ್ಣಗಿರುವಾಗ 1800 ಅಂತ ಇಟ್ಟದ್ದು ಆಟದಲ್ಲಿ 1785 ಅಥವಾ 1770 ಆಗಿರುತ್ತದೆ, ಆಮೇಲೆ ತಲೆ ಕೆರೆದುಕೊಳ್ಳಬೇಕು.

ಓಪನ್ ವರ್ಲ್ಡ್ ಆಟದಲ್ಲಿ ಈಗ 250 ವ್ಯಾಟ್. ಫ್ರೇಮ್ 66. ಪವರ್ ಮಿತಿ ಹಾಕಿದಾಗಿನಷ್ಟೇ ಕರೆಂಟು, ಎರಡು ಫ್ರೇಮ್ ಜಾಸ್ತಿ, ಕ್ಲಾಕ್ ಅಲ್ಲಾಡದೆ ಒಂದೇ ಕಡೆ. ಕೋರ್ 66 ಡಿಗ್ರಿ. ಮೆಮೊರಿ 90, ಒಂದೇ ಹೀಟ್‌ಸಿಂಕ್‌ಗೆ ಬರುವ ಒಟ್ಟು ಶಾಖ ಕಡಿಮೆಯಾದ್ದರಿಂದ. ಫ್ಯಾನ್ 2100 ಆರ್‌ಪಿಎಂನಿಂದ 1500ಕ್ಕೆ.

ದುರಾಸೆ ಮತ್ತು ಕ್ರ್ಯಾಶ್

ಇಷ್ಟಕ್ಕೆ ಬಿಡಬಹುದಿತ್ತು. ಗೆಳೆಯನಿಗೆ ರುಚಿ ಹತ್ತಿತು. 825 ಮಿಲಿವೋಲ್ಟಿಗೆ 1830 ಹಾಕಿ ಒಂದು ಬೆಂಚ್‌ಮಾರ್ಕನ್ನು ಗಂಟೆಗಟ್ಟಲೆ ಓಡಿಸಿದ. ಪಾಸ್ ಆಯಿತು. ರೇಸಿಂಗ್ ಆಟವೂ ನಡೆಯಿತು. ಓಪನ್ ವರ್ಲ್ಡ್ ಆಟದಲ್ಲಿ ಮಳೆ ಬಂದ ಮಾರುಕಟ್ಟೆ ಬೀದಿಯಲ್ಲಿ ನಡೆಯುವಾಗ, ನೆಲದ ನೀರಿನಲ್ಲಿ ದೀಪಗಳು ಹೊಳೆಯುವ ಜಾಗದಲ್ಲಿ, ಪರದೆ ಒಂದು ಕ್ಷಣ ಕಪ್ಪಾಗಿ ಆಟ ಡೆಸ್ಕ್‌ಟಾಪಿಗೆ ಬಿತ್ತು. ವಿಂಡೋಸ್‌ನ ಈವೆಂಟ್ ವ್ಯೂವರ್ ತೆಗೆದರೆ 4101 ನಂಬರಿನ ಎಚ್ಚರಿಕೆ: ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡುವುದನ್ನು ನಿಲ್ಲಿಸಿತ್ತು, ಮತ್ತೆ ಸರಿಹೋಗಿದೆ ಅಂತ.

ರೇ ಟ್ರೇಸಿಂಗ್ ಆನ್ ಆದಾಗ ಚಿಪ್ಪಿನ ಬೇರೆ ಭಾಗಗಳು ಕೆಲಸಕ್ಕೆ ಇಳಿಯುತ್ತವೆ. ಅವು ಸುಮ್ಮನಿದ್ದಾಗ ಸಾಕಾಗುವ ವೋಲ್ಟೇಜ್, ಅವು ಎದ್ದಾಗ ಸಾಕಾಗುವುದಿಲ್ಲ. ಒಂದೇ ಬೆಂಚ್‌ಮಾರ್ಕ್ ಎಷ್ಟು ಹೊತ್ತು ಓಡಿದರೂ ಅದು ಒಂದೇ ಪರೀಕ್ಷೆ. ನಾವು ದಿನವೂ ಆಡುವ ಆಟಗಳಲ್ಲಿ ಅತಿ ಭಾರದ್ದು ಯಾವುದೋ ಅದರಲ್ಲೇ ನೋಡಬೇಕು, ಜೊತೆಗೆ ಮೆನುವಿನಿಂದ ಆಟಕ್ಕೆ, ಆಟದಿಂದ ಡೆಸ್ಕ್‌ಟಾಪಿಗೆ ಹೋಗಿ ಬಂದು ಮಾಡಬೇಕು. ಹೊರೆ ಥಟ್ಟನೆ ಏರಿಳಿಯುವಾಗಲೂ ಇಂಥ ಕ್ರ್ಯಾಶ್ ಆಗುತ್ತದೆ. ಇದರಿಂದ ಕಾರ್ಡಿಗೆ ಹಾನಿ ಇಲ್ಲ ಅನ್ನುವುದು ಸಮಾಧಾನ. ವೋಲ್ಟೇಜ್ ಕಡಿಮೆಯಾದರೆ ಲೆಕ್ಕ ತಪ್ಪುತ್ತದೆಯೇ ಹೊರತು ಚಿಪ್ ಸುಡುವುದಿಲ್ಲ.

850ಕ್ಕೇ ಮರಳಿದೆವು. ಮೆಮೊರಿಯ ಕ್ಲಾಕ್ ಏರಿಸಿ ಕಳೆದುಕೊಂಡ ಎರಡು ಫ್ರೇಮ್ ಪಡೆಯೋಣ ಅಂತಲೂ ಅವನು ಕೇಳಿದ. ಬೇಡ ಅಂದೆ. ಈ ಮೆಮೊರಿ ತಪ್ಪು ಮಾಡಿದರೆ ಕ್ರ್ಯಾಶ್ ಆಗದೆ ಅದೇ ಮಾಹಿತಿಯನ್ನು ಮತ್ತೆ ಕಳಿಸುತ್ತದೆ. ಅತಿಯಾದರೆ ಸಂಖ್ಯೆ ಏರಿದಂತೆ ಕಂಡು ಆಟ ನಿಧಾನವಾಗುತ್ತದೆ. ಬಿಸಿ ಬೇರೆ ಜಾಸ್ತಿ.

ಟಪ್ ಅಂತ ಆಫ್ ಆಗುತ್ತಿದ್ದದ್ದು

850ರ ಸೆಟ್ಟಿಂಗ್ ಹಾಕಿದ ಮೇಲೆ ಸಿಸ್ಟಮ್ ಆಫ್ ಆಗುವುದು ನಿಂತಿತು. ಇದು ಉಡುಗೊರೆಯಾಗಿ ಬಂದದ್ದಲ್ಲ, ಕಾರಣವಿದೆ. 320 ವ್ಯಾಟ್ ಅನ್ನುವುದು ಸರಾಸರಿ. ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಈ ಕಾರ್ಡ್ ಅದಕ್ಕಿಂತ ಬಹಳ ಮೇಲಕ್ಕೆ ಹಾರುತ್ತದೆ. ಪ್ರೊಸೆಸರೂ ಅದೇ ಹೊತ್ತಿಗೆ ಜೋರಾಗಿದ್ದರೆ 650 ವ್ಯಾಟಿನ ಹಳೆ ಪವರ್ ಸಪ್ಲೈ ಹೆದರಿ ತನ್ನ ರಕ್ಷಣೆಗೆ ಬಾಗಿಲು ಹಾಕಿಕೊಳ್ಳುತ್ತದೆ. ವೋಲ್ಟೇಜಿಗೇ ಚಾವಣಿ ಹಾಕಿದರೆ ಆ ಜಿಗಿತವೂ ಗಿಡ್ಡವಾಗುತ್ತದೆ. ಪವರ್ ಸ್ಲೈಡರ್ ಇಷ್ಟು ಚೆನ್ನಾಗಿ ಮಾಡುವುದಿಲ್ಲ, ಅದು ಸರಾಸರಿ ನೋಡಿ ಆಮೇಲೆ ಬ್ರೇಕ್ ಹಾಕುತ್ತದೆ.

ಹಾಗಂತ ಪವರ್ ಸಪ್ಲೈ ಸರಿಯಾಯಿತು ಅಂದುಕೊಳ್ಳಬಾರದು. ಅವನಿಗೆ ಅದನ್ನು ಬದಲಿಸು ಅಂತಲೇ ಹೇಳಿದ್ದೇನೆ. ಸಾಫ್ಟ್‌ವೇರಿನ ಸೆಟ್ಟಿಂಗ್ ಒಂದು ಅಪ್‌ಡೇಟಿಗೆ ಅಳಿಸಿಹೋಗಬಹುದು.

ಆಟದ ಒಳಗಿನ ಸೆಟ್ಟಿಂಗ್

250ರಿಂದ 200ಕ್ಕೆ ಬಂದದ್ದು ಕೊನೆಯ ಒಂದು ಹೆಜ್ಜೆಯಿಂದ. ಡಿಎಲ್‌ಎಸ್‌ಎಸ್ ಅನ್ನುವ ಎನ್‌ವಿಡಿಯಾದ ಸೌಲಭ್ಯವನ್ನು ಕ್ವಾಲಿಟಿ ಮಟ್ಟದಲ್ಲಿ ಆನ್ ಮಾಡಿದೆವು. 1440ಪಿ ಮಾನಿಟರಿನಲ್ಲಿ ಇದು ಒಳಗೆ 960ಪಿಯಲ್ಲಿ ಚಿತ್ರ ಬರೆದು ದೊಡ್ಡದು ಮಾಡುತ್ತದೆ. ಫ್ರೇಮ್ 66ರಿಂದ 96ಕ್ಕೆ ಏರಿತು. ಕರೆಂಟು ಇಳಿಯಿತಾ? ಇಲ್ಲ. ಕಾರ್ಡ್ ಉಳಿದ ಶಕ್ತಿಯನ್ನೆಲ್ಲ ಹೆಚ್ಚು ಫ್ರೇಮ್ ಮಾಡಲು ಬಳಸಿತು. ನೆರಳು, ಮಂಜು ಇಂಥ ಸೆಟ್ಟಿಂಗ್ ಇಳಿಸಿದರೂ ಇದೇ ಕಥೆ. ಈಗ ಈ ಆಟಕ್ಕೆ ಮಾತ್ರ 80ರ ಮಿತಿ ಹಾಕಿದೆವು. ವ್ಯಾಟ್ 200ರ ಸುತ್ತ ಬಂದು ನಿಂತಿತು. ಮೊದಲಿದ್ದ 68ಕ್ಕಿಂತ 12 ಫ್ರೇಮ್ ಜಾಸ್ತಿ, ಸುಮಾರು 118 ವ್ಯಾಟ್ ಕಡಿಮೆ. ಮೂರು ಗಂಟೆ ಆಡಿದರೆ ಒಂದು ಯೂನಿಟ್ಟಿನ ಮೂರನೇ ಒಂದು ಭಾಗ ಉಳಿಯುತ್ತದೆ. ಬಿಲ್ಲಿನಲ್ಲಿ ಇದು ದೊಡ್ಡದಲ್ಲ, ರೂಮಿನ ಸೆಕೆಯಲ್ಲಿ ದೊಡ್ಡದು. ರೇಸಿಂಗ್ ಆಟವೂ ಅಂಡರ್‌ವೋಲ್ಟ್ ಸೇರಿ 190ರಿಂದ 150ಕ್ಕೆ ಬಂತು.

ಎಎಂಡಿ ಕಾರ್ಡ್ ಇರುವವರಿಗೆ ಇವೆಲ್ಲ ಅಡ್ರಿನಾಲಿನ್ ಸಾಫ್ಟ್‌ವೇರಿನಲ್ಲೇ ಸಿಗುತ್ತವೆ. ಅಲ್ಲಿ ಗ್ರಾಫ್ ಬದಲು ವೋಲ್ಟೇಜಿಗೆ ಒಂದು ಸ್ಲೈಡರ್ ಇರುತ್ತದೆ. ರೇಡಿಯಾನ್ ಚಿಲ್ ಅನ್ನುವ ಆಯ್ಕೆ, ನೀವು ಮೌಸ್ ಅಲ್ಲಾಡಿಸದೆ ಕೂತಿದ್ದರೆ ಫ್ರೇಮ್ ತಾನಾಗಿಯೇ ಇಳಿಸುತ್ತದೆ. ಆ ಕಾರ್ ಮೆನುವಿಗೆ ಹೇಳಿ ಮಾಡಿಸಿದ್ದು.

ಪ್ರೊಫೈಲನ್ನು ಆಫ್ಟರ್‌ಬರ್ನರ್‌ನಲ್ಲಿ ಉಳಿಸುವಾಗ ಒಂದು ಎಚ್ಚರಿಕೆ ವಹಿಸಿದೆವು. ವಿಂಡೋಸ್ ಶುರುವಾದ ಕೂಡಲೇ ಹಾಕು ಅನ್ನುವ ಬಟನ್ನನ್ನು ಮೊದಲ ದಿನವೇ ಒತ್ತಲಿಲ್ಲ, ಎರಡೂ ಆಟಗಳಲ್ಲಿ ಕ್ರ್ಯಾಶ್ ಇಲ್ಲ ಅಂತ ಖಚಿತವಾದ ಮೇಲೆ ಒತ್ತಿದೆವು. ಡ್ರೈವರ್ ಅಪ್‌ಡೇಟ್ ಆದಾಗಲೆಲ್ಲ ಅವನು ಓಪನ್ ವರ್ಲ್ಡ್ ಆಟ ತೆರೆದು ಮೂಲೆಯಲ್ಲಿರುವ ವ್ಯಾಟ್ ಸಂಖ್ಯೆ ನೋಡುತ್ತಾನೆ. 200ರ ಆಸುಪಾಸಿನಲ್ಲಿ ಇಲ್ಲದಿದ್ದರೆ ಪ್ರೊಫೈಲ್ ಹೋಗಿದೆ ಅಂತ ಅರ್ಥ, ಮತ್ತೆ ಅಪ್ಲೈ ಒತ್ತುತ್ತಾನೆ.